ಕೈ ಹಿಡಿಯಬೇಡಿ, ಮೊಣಕೈ ಕೊಡಿ



ಇವತ್ತು ರಾಜಕೀಯ ಇಲ್ಲ. ಯಾರು ಯಾರನ್ನ ಬೈದರು, ಯಾರು ದೆಹಲಿಗೆ ವಿಮಾನ ಹತ್ತಿದರು, ಅದೆಲ್ಲ ಒಂಬತ್ತು ಗಂಟೆಗೆ ಇದ್ದೇ ಇದೆ. ಇವತ್ತು ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೇನೆ.

ಕಳೆದ ತಿಂಗಳು ಉಡುಪಿಗೆ ಹೋಗಿದ್ದೆ. ಕಾರ್ಕಳದಲ್ಲಿ ಸ್ನೇಹಿತನ ಮನೆಯ ಗೃಹಪ್ರವೇಶ. ಕಾರಿಲ್ಲ, ಕ್ಯಾಮರಾ ಇಲ್ಲ, ಒಬ್ಬನೇ ಸರ್ವಿಸ್ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬರು. ಐವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೊಂದು ಚೀಲ, ಕೈಯಲ್ಲಿ ಬಿಳಿ ಕೋಲು. ಬಸ್ಸೊಂದು ಬಂತು. ಅವರು ಯಾರನ್ನೋ ಕೇಳಿದರು, 'ಇದು ಮಣಿಪಾಲದ ಮೇಲೆ ಹೋಗುವ ಕಾರ್ಕಳ ಬಸ್ಸಾ?' ನನ್ನ ಕಿವಿಗೆ ಬಿದ್ದದ್ದು ಕಾರ್ಕಳ ಅನ್ನೋ ಒಂದೇ ಪದ. ಬೋರ್ಡಿನಲ್ಲೂ ಕಾರ್ಕಳ ಅಂತಿತ್ತು. ಅಷ್ಟೇ ಸಾಕಾಯ್ತು ನನಗೆ. ಪುಣ್ಯ ಕಟ್ಟಿಕೊಳ್ಳುವ ಅವಕಾಶ ಬಿಡೋದುಂಟೇ? 'ಬನ್ನಿ ಸಾರ್ ಬನ್ನಿ' ಅಂತ ಅವರ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಬೆನ್ನಿಗೆ ಕೈ ಕೊಟ್ಟು ಮೆಟ್ಟಿಲು ಹತ್ತಿಸಿಬಿಟ್ಟೆ. ಕೋಲು ಬಾಗಿಲಿಗೆ ಸಿಕ್ಕಿಕೊಂಡಿತು. ಅವರು ಏನೋ ಹೇಳ್ತಾನೇ ಇದ್ದರು. ಕೇಳುವ ವ್ಯವಧಾನ ನನಗೆಲ್ಲಿ?

ಒಂದು ನಿಮಿಷ ಆಗಿರಲಿಲ್ಲ. ಕಂಡಕ್ಟರ್ ಕೂಗಿದ, 'ಕಟಪಾಡಿ, ಶಿರ್ವ, ಬೆಳ್ಮಣ್, ಕಾರ್ಕಳ'. ಉಡುಪಿಯವರಿಗೆ ಗೊತ್ತು, ಕಾರ್ಕಳಕ್ಕೆ ದಾರಿ ಒಂದೇ ಅಲ್ಲ. ಮಣಿಪಾಲ, ಹಿರಿಯಡ್ಕದ ಮೇಲೆ ಹೋಗುವುದು ಬೇರೆ, ಕಟಪಾಡಿ, ಶಿರ್ವದ ಮೇಲೆ ಹೋಗುವುದು ಬೇರೆ. ಆ ಮನುಷ್ಯ ಕೋಲು ಊರಿಕೊಂಡು ತಾನೇ ಇಳಿದು ಬಂದರು. ನಗ್ತಾ ಹೇಳಿದರು, 'ಸಾರ್, ನಿಮಗೆ ಕಣ್ಣು ಕಾಣ್ತದಲ್ಲ. ಬೋರ್ಡ್ ಪೂರ್ತಿ ಓದಬಹುದಿತ್ತು.'

ನಾನು ಕ್ಷಮೆ ಕೇಳಿದೆ. ಬಾಯಿ ತೆರೆದದ್ದೇ ತಡ, ಅವರು ತಲೆ ಓರೆ ಮಾಡಿದರು. 'ಓ, ನೀವಾ? ಟಿವಿಯಲ್ಲಿ ಕೂಗುವವರಲ್ವಾ?' ಇಷ್ಟು ವರ್ಷದ ವೃತ್ತಿಗೆ ಸಿಕ್ಕ ನಾಲ್ಕೇ ಪದದ ವಿಮರ್ಶೆ.

ಮುಂದಿನ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಹೋದೆವು. ಹತ್ತುವ ಮೊದಲು ಅವರು ನನಗೊಂದು ಪಾಠ ಮಾಡಿದರು. ಕಣ್ಣು ಕಾಣದವರ ಕೈಯನ್ನ ನೀವು ಹಿಡೀಬಾರದು. ನಿಮ್ಮ ಮೊಣಕೈಯನ್ನ ಅವರಿಗೆ ಕೊಡಬೇಕು. ಅವರು ಮೊಣಕೈಯ ಸ್ವಲ್ಪ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರ್ತಾರೆ. ನೀವು ತಿರುಗಿದ್ದು, ನಿಂತದ್ದು, ಮೆಟ್ಟಿಲು ಹತ್ತಿದ್ದು, ಎಲ್ಲ ನಿಮ್ಮ ತೋಳಿನ ಚಲನೆಯಿಂದ ಅವರಿಗೆ ಮೊದಲೇ ಗೊತ್ತಾಗ್ತದೆ. ಬೇಡ ಅನಿಸಿದರೆ ಬಿಟ್ಟುಬಿಡಬಹುದು. ನಾನು ಮಣಿಕಟ್ಟು ಹಿಡಿದಾಗ? ಬಿಡಿಸಿಕೊಳ್ಳೋಕೂ ಆಗಲಿಲ್ಲ ಅವರಿಗೆ. ಕುರ್ಚಿ ತೋರಿಸಬೇಕಾದರೂ ಹಾಗೇ. ಭುಜ ಒತ್ತಿ ಕೂರಿಸಬೇಡಿ. ಅವರ ಕೈಯನ್ನ ಕುರ್ಚಿಯ ಬೆನ್ನಿಗೆ ತಾಗಿಸಿ, ಸಾಕು. ಕೂರೋದು ಹೇಗೆ ಅಂತ ಅವರಿಗೆ ಗೊತ್ತಿದೆ. ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ, 'ಸಹಾಯ ಬೇಕಾ?' ಬೇಡ ಅಂದರೆ ಬೇಡ. ಮುನಿಸಿಕೊಳ್ಳಬೇಡಿ.

ಅವರ ಹೆಸರು, ಕೆಲಸ ಮಾಡುವ ಜಾಗ ಹೇಳಬೇಡಿ ಅಂದಿದ್ದಾರೆ, ಹೇಳೋದಿಲ್ಲ. ಕಾರ್ಕಳದಲ್ಲಿ ಒಬ್ಬರೇ ಮನೆ ಮಾಡಿಕೊಂಡಿದ್ದಾರೆ, ದಿನಾ ಮಣಿಪಾಲಕ್ಕೆ ಕೆಲಸಕ್ಕೆ ಬಂದು ಹೋಗ್ತಾರೆ. ಅವತ್ತು ರಜೆ ಹಾಕಿ ಉಡುಪಿಗೆ ಬ್ಯಾಂಕಿನ ಕೆಲಸಕ್ಕೆ ಬಂದಿದ್ದರು. ಆ ಬ್ಯಾಂಕಿನ ಕಥೆಗೆ ಆಮೇಲೆ ಬರ್ತೇನೆ.

ಬಸ್ ಹೊರಟಿತು. ನಾನು ಕಿಟಕಿಯ ಹೊರಗೆ ನೋಡ್ತಾ ಇದ್ದೆ, ಅವರು ಸುಮ್ಮನೆ ಕೂತಿದ್ದರು. ಇದ್ದಕ್ಕಿದ್ದಂತೆ 'ಇಂದ್ರಾಳಿ' ಅಂದರು. ನೋಡ್ತೇನೆ, ಹೌದು, ರೈಲ್ವೆ ಸೇತುವೆ. ಆಮೇಲೆ ಇಂಜಿನ್ನಿನ ಸದ್ದು ಬದಲಾಗಿ ಬಸ್ಸು ಏರು ಹತ್ತಿತು. ಎರಡೂ ಕಡೆ ಹಾರ್ನು, ಹಿಂದಿ, ಇಂಗ್ಲಿಷ್, ಮಲಯಾಳ ಮಾತಾಡುವ ಹುಡುಗ ಹುಡುಗಿಯರು ಹತ್ತಿದರು. ಕೇಳಬೇಕಾ? ಟೈಗರ್ ಸರ್ಕಲ್. ಪರ್ಕಳದ ತಿರುವು ಬಂದಾಗ ದೇಹವೇ ಹೇಳ್ತದೆ ಅಂದರು. ಮುಂದೆ ಎಲ್ಲೋ ಗಾಳಿಯಲ್ಲಿ ಗೇರುಬೀಜ ಹುರಿಯುವ ವಾಸನೆ. ಇದ್ಯಾವುದೂ ಆರನೇ ಇಂದ್ರಿಯವಲ್ಲ ಸ್ವಾಮೀ. 'ಕಣ್ಣು ಹೋದರೆ ಕಿವಿ ಚುರುಕಾಗ್ತದೆ ಅಂತ ದೇವರ ಲೆಕ್ಕ ಹೇಳ್ತಾರೆ. ಕಿವಿ ಮೊದಲಿನದ್ದೇ. ಗಮನ ಕೊಡೋದು ಕಲಿತದ್ದು' ಅಂದರು.

ಇನ್ನೊಂದು ಮಾತು ಹೇಳಿದರು, ನನಗೆ ಬಹಳ ಹಿಡಿಸಿತು. ಕರಾವಳಿಯ ಖಾಸಗಿ ಬಸ್ಸಿನ ಕಂಡಕ್ಟರುಗಳ ಕೂಗಾಟ, ಸೀಟಿ, 'ದುಂಬು ಪೋಲೆ ದುಂಬು ಪೋಲೆ' ಅಂತ ಒಳಗೆ ತಳ್ಳುವುದು, ನಮಗೆಲ್ಲ ಗದ್ದಲ. ಅವರಿಗೆ ಅದು ನಕಾಶೆ. ಪ್ರತಿ ಸ್ಟಾಪಿನ ಹೆಸರು ಬಾಯಿಬಿಟ್ಟು ಹೇಳುವ ಬಸ್ಸು ಅವರಿಗೆ ಬೇಕಾದ ಬಸ್ಸು. ಸರ್ಕಾರಿ ಬಸ್ಸಿನಲ್ಲಿ ಅಂಧರಿಗೆ ಉಚಿತ ಪಾಸ್ ಇದೆ. ಆದರೆ ಈ ಊರಿನ ರಸ್ತೆಯನ್ನ ಬಹುಕಾಲದಿಂದ ಆಳಿದ್ದು ಖಾಸಗಿ ಬಸ್ಸು, ಹಾಗಾಗಿ ಅವರು ಟಿಕೆಟ್ ತೆಗೆದುಕೊಂಡೇ ಓಡಾಡ್ತಾರೆ. ಅದರ ಬಗ್ಗೆ ದೂರಿಲ್ಲ. ಈಗೀಗ ಕೆಲವು ಕಂಡಕ್ಟರುಗಳು ಕೂಗೋದನ್ನ ಬಿಟ್ಟಿದ್ದಾರೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡಿರ್ತಾರೆ ಅನ್ನೋದೇ ದೂರು.

ಅವರಿಗೆ ಬಂದದ್ದು ರೆಟಿನೈಟಿಸ್ ಪಿಗ್ಮೆಂಟೋಸಾ. ವಂಶವಾಹಿಯಿಂದ ಬರುವ ಕಾಯಿಲೆ. ಮೊದಲು ರಾತ್ರಿ ಕಾಣೋದಿಲ್ಲ, ಆಮೇಲೆ ಸುತ್ತಲಿನ ನೋಟ ಮುಚ್ಚಿಕೊಳ್ತಾ ಬರ್ತದೆ, ಪೈಪಿನೊಳಗಿಂದ ನೋಡಿದ ಹಾಗೆ. ಎದುರಿಗಿರುವ ಅಕ್ಷರ ಓದಬಲ್ಲರು, ಪಕ್ಕದಲ್ಲಿರುವ ಕಂಬಕ್ಕೆ ಢಿಕ್ಕಿ ಹೊಡೀತಾರೆ. ನಾನು ಅಂದುಕೊಂಡಿದ್ದೆ, ಪೂರ್ತಿ ಕತ್ತಲಾದ ದಿನವೇ ಅವರ ಬದುಕಿನ ಕಷ್ಟದ ದಿನ ಅಂತ. ಅಲ್ಲವಂತೆ. ಅದಕ್ಕೆ ಮೊದಲಿನ ಹತ್ತು ವರ್ಷ. ಅರ್ಧ ಕಾಣ್ತದೆ, ಅರ್ಧ ಕಾಣೋದಿಲ್ಲ. ಯಾರಿಗೂ ಹೇಳಿಲ್ಲ. ಕೆಲಸದ ಜಾಗದಲ್ಲಿ ಮುಚ್ಚಿಟ್ಟಿದ್ದಾರೆ. ಸಂಜೆ ಆರರ ನಂತರ ಏನಾದರೂ ನೆಪ ಹೇಳಿ ಹೊರಗೆ ಹೋಗೋದಿಲ್ಲ. ಗುರುತಿನವರು ಎದುರಿಗೆ ಬಂದು ಕೈ ಚಾಚಿದರೆ ಇವರಿಗೆ ಕಾಣೋದಿಲ್ಲ, ಅಹಂಕಾರಿ ಅಂತ ಹೆಸರು ಬಂತು. ಮಳೆಗಾಲದಲ್ಲಿ ಒಮ್ಮೆ ಚರಂಡಿಗೆ ಬಿದ್ದು ಕಾಲು ಮುರಿಯಿತು, ಕುಡಿದಿದ್ದ ಅಂದರು.

ಇಲ್ಲಿ ನಾವೊಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ಅಂಧತ್ವ ಅಂದರೆ ಕಗ್ಗತ್ತಲು ಅಂತ ಕಾನೂನೂ ಹೇಳೋದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ಕನ್ನಡಕ ಹಾಕಿದ ಮೇಲೂ ಉತ್ತಮವಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಅಂಧತ್ವ. ಅಂದರೆ ನಮಗೆ 60 ಮೀಟರ್ ದೂರದಿಂದ ಕಾಣುವುದನ್ನ ನೋಡಲು ಅವರು 3 ಮೀಟರ್ ಹತ್ತಿರ ಬರಬೇಕು, ಅಷ್ಟಾದರೂ ಕಂಡರೆ. ಅಥವಾ ದೃಷ್ಟಿಯ ವ್ಯಾಪ್ತಿ 10 ಡಿಗ್ರಿಗಿಂತ ಕಡಿಮೆ ಇದ್ದರೂ ಅಂಧತ್ವವೇ. ಹಾಗಾಗಿ ಬಿಳಿ ಕೋಲು ಹಿಡಿದವರು ಮೊಬೈಲನ್ನ ಕಣ್ಣಿಗೆ ಹಿಡಿದು ನೋಡೋದು ನಿಮಗೆ ಕಂಡರೆ, ದಯವಿಟ್ಟು 'ನಾಟಕ' ಅನ್ನಬೇಡಿ. ವಿಡಿಯೋ ಮಾಡಿ ನಮ್ಮ ಚಾನೆಲ್ಲಿಗೂ ಕಳಿಸಬೇಡಿ.

ಕೋಲು ಹಿಡಿಯೋಕೆ ಅವರು ಮೂರು ವರ್ಷ ತೆಗೆದುಕೊಂಡರು. ಬೆಂಗಳೂರಿಗೆ ಹೋಗಿ ತರಬೇತಿ ಪಡೆದು ಬಂದ ಮೇಲೂ ಒಂದು ವರ್ಷ ಕೋಲು ಮಡಚಿ ಚೀಲದಲ್ಲೇ ಇತ್ತು. ಕೋಲು ತೆಗೆದರೆ ಊರಿಗೆಲ್ಲ ಗೊತ್ತಾಗ್ತದಲ್ಲ. ಗೊತ್ತಾಗಲಿ ಅಂತಲೇ ಆ ಕೋಲಿಗೆ ಬಿಳಿ ಬಣ್ಣ! 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜೇಮ್ಸ್ ಬಿಗ್ಸ್ ಅನ್ನುವ ಛಾಯಾಗ್ರಾಹಕರು ದೃಷ್ಟಿ ಕಳೆದುಕೊಂಡ ಮೇಲೆ, ಮನೆಯ ಸುತ್ತ ಓಡಾಡುವ ವಾಹನಗಳವರಿಗೆ ತಾನು ಕಾಣಲಿ ಅಂತ ತಮ್ಮ ಕೋಲಿಗೆ ಬಿಳಿ ಬಳಿದರು. ಆಮೇಲೆ ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬಂದ ಸೈನಿಕರಿಗಾಗಿ ಅಮೆರಿಕದಲ್ಲಿ ರಿಚರ್ಡ್ ಹೂವರ್ ಅನ್ನುವವರು ಉದ್ದ ಕೋಲಿನ ವಿಧಾನ ರೂಪಿಸಿದರು. ಕೋಲು ಎದೆಯ ಎತ್ತರ ಇರಬೇಕು. ಬಲಗಾಲು ಮುಂದಿಡುವಾಗ ತುದಿ ಎಡಕ್ಕೆ ತಾಗಬೇಕು, ಎಡಗಾಲಿಗೆ ಬಲಕ್ಕೆ. ಭುಜದಗಲಕ್ಕಿಂತ ಒಂಚೂರು ಹೆಚ್ಚು. ಮುಂದಿನ ಹೆಜ್ಜೆ ಬೀಳುವ ಜಾಗವನ್ನ ಕೋಲು ಒಂದು ಹೆಜ್ಜೆ ಮೊದಲೇ ನೋಡಿರ್ತದೆ. ಸುಮ್ಮನೆ ಕುಟ್ಟುತ್ತಾ ಹೋಗೋದಲ್ಲ, ಅದೊಂದು ವಿದ್ಯೆ. ಸೈಕಲ್ ಕಲಿತ ಹಾಗೆ ಕಲೀಬೇಕು, ಬಿದ್ದು ಎದ್ದು.

ಆ ಕೋಲಿಗೂ ಸಿಗದ ಸಂಗತಿಗಳಿವೆ. ಅದು ನೆಲ ನೋಡ್ತದೆ, ತಲೆಯ ಎತ್ತರದ್ದು ನೋಡೋದಿಲ್ಲ. ಅಂಗಡಿಯವರು ಹೊರಗೆ ನೇತು ಹಾಕಿದ ಬೋರ್ಡು, ನಿಂತ ಲಾರಿಯಿಂದ ಚಾಚಿಕೊಂಡ ಕಬ್ಬಿಣದ ಸರಳು, ಇವೆಲ್ಲ ನೇರ ಹಣೆಗೆ. ಕರಾವಳಿಯ ಮಳೆಯಂತೂ ಇನ್ನೊಂದು ಪರೀಕ್ಷೆ. ಜೂನ್ ಜುಲೈಯಲ್ಲಿ ಆ ಸುರಿತದ ಸದ್ದಿಗೆ ವಾಹನದ ಸದ್ದೇ ಕೇಳೋದಿಲ್ಲ, ಕೊಡೆ ಬಿಚ್ಚಿದರೆ ಉಳಿದದ್ದೂ ಹೋಯ್ತು. ಈಗ ಬ್ಯಾಟರಿ ಸ್ಕೂಟರ್ ಬಂದಿವೆ, ಸದ್ದೇ ಇಲ್ಲ. ನಮಗೆ ಪರಿಸರಸ್ನೇಹಿ. ಅವರಿಗೆ ಬೆನ್ನ ಹಿಂದೆ ಬಂದ ಹಾವು.

ಕೆಲವು ಊರುಗಳ ರೈಲು ನಿಲ್ದಾಣದಲ್ಲಿ, ಪಾದಚಾರಿ ಮಾರ್ಗದಲ್ಲಿ ಹಳದಿ ಬಣ್ಣದ ಉಬ್ಬು ಟೈಲ್ಸ್ ನೋಡಿರ್ತೀರಿ. ನಾನು ಬಹಳ ದಿನ ಅದು ಅಲಂಕಾರಕ್ಕೆ ಅಂದುಕೊಂಡಿದ್ದೆ, ನಾಚಿಕೆ ಬಿಟ್ಟು ಹೇಳ್ತೇನೆ. ಜಪಾನಿನ ಸೆಯಿಚಿ ಮಿಯಾಕೆ ಅದನ್ನ ಕಂಡುಹಿಡಿದದ್ದು, 1967ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲು ಹಾಕಿದ್ದು. ಉದ್ದ ಗೀರು ಇದ್ದರೆ ಮುಂದೆ ಹೋಗಿ, ಚುಕ್ಕೆ ಇದ್ದರೆ ನಿಲ್ಲಿ ಅಂತ ಅರ್ಥ. ನಮ್ಮಲ್ಲಿ ಅದರ ಮೇಲೆ ಬೈಕ್ ನಿಲ್ಲಿಸ್ತೇವೆ. ಎಷ್ಟೋ ಕಡೆ ಆ ಹಳದಿ ದಾರಿ ನೇರ ಹೋಗಿ ಲೈಟುಕಂಬಕ್ಕೆ ಮುಟ್ಟುತ್ತದೆ. ಗುತ್ತಿಗೆ ಮುಗಿಯಿತು, ಬಿಲ್ ಆಯಿತು.

ಕಾರ್ಕಳದಲ್ಲಿ ಇಳಿದ ಮೇಲೆ ಅವರು ಚಾ ಕುಡಿದು ಹೋಗಿ ಅಂತ ಮನೆಗೆ ಕರೆದರು. ಗೃಹಪ್ರವೇಶ ಅರ್ಧ ದಿನ ತಡವಾಯ್ತು, ಸ್ನೇಹಿತ ಇನ್ನೂ ಸಿಟ್ಟಿನಲ್ಲಿದ್ದಾನೆ. ಬಾಗಿಲ ಬೀಗ ತೆಗೆದದ್ದು, ಗ್ಯಾಸ್ ಹಚ್ಚಿದ್ದು, ಹಾಲು ಉಕ್ಕುವ ಮೊದಲಿನ ಆ ಸಣ್ಣ ಸದ್ದಿಗೆ ಕಿವಿ ಕೊಟ್ಟು ಉರಿ ತಗ್ಗಿಸಿದ್ದು, ಎಲ್ಲ ನೋಡ್ತಾ ಕೂತೆ. ಲೋಟದ ಅಂಚಿಗೆ ಬೆರಳ ತುದಿ ಇಟ್ಟು ಚಾ ಸುರಿದರು. ಒಂದು ಹನಿ ಚೆಲ್ಲಲಿಲ್ಲ. ನಾನು ಉಪಕಾರ ಮಾಡೋಣ ಅಂತ ಸಕ್ಕರೆ ಡಬ್ಬಿ ತೆಗೆದುಕೊಟ್ಟೆ, ಮತ್ತೆ ಬೇರೆ ಜಾಗದಲ್ಲಿ ಇಟ್ಟೆ. 'ಇದ್ದಲ್ಲೇ ಇಡಿ ಮಾರಾಯ್ರೇ' ಅಂದರು. ಆ ಮನೆಯಲ್ಲಿ ಎಲ್ಲಕ್ಕೂ ಒಂದು ಜಾಗ. ಜಾಗ ತಪ್ಪಿದ ವಸ್ತು ಕಳೆದುಹೋದ ವಸ್ತು.

ಪರ್ಸ್ ತೆಗೆದು ನೋಟು ತೋರಿಸಿದರು. ಇದು ನಮ್ಮ ವೀಕ್ಷಕರು ಕಣ್ಣು ಮುಚ್ಚಿ ಮಾಡಿ ನೋಡಬಹುದಾದ ಪ್ರಯೋಗ. ಹೊಸ ನೋಟುಗಳಲ್ಲಿ ನೂರು, ಇನ್ನೂರು, ಐನೂರರವೆಲ್ಲ 66 ಮಿಲಿಮೀಟರ್ ಅಗಲ. ಉದ್ದದಲ್ಲಿ ಮಾತ್ರ ವ್ಯತ್ಯಾಸ. ನೂರರದ್ದು 142 ಮಿಲಿಮೀಟರ್, ಇನ್ನೂರರದ್ದು 146, ಐನೂರರದ್ದು 150. ನಾಲ್ಕು ಮಿಲಿಮೀಟರ್ ವ್ಯತ್ಯಾಸದಲ್ಲಿ ಮುನ್ನೂರು ರೂಪಾಯಿ ಹೋಗಬಹುದು! ಅಂಚಿನಲ್ಲಿ ಉಬ್ಬು ಗೆರೆಗಳಿವೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಹೊಸ ನೋಟಿನಲ್ಲಿ ತಿಳೀತದೆ, ಹತ್ತು ಕೈ ದಾಟಿದ ಮೇಲೆ ಸವೆದುಹೋಗ್ತದೆ. ಮೀನು ಮಾರುಕಟ್ಟೆಯ ನೋಟಿನಲ್ಲಂತೂ ಕೇಳಬೇಡಿ. 2020ರ ಜನವರಿ 1ರಂದು ರಿಸರ್ವ್ ಬ್ಯಾಂಕ್ 'ಮಣಿ' ಅನ್ನುವ ಆ್ಯಪ್ ತಂದಿತು, ಮೊಬೈಲ್ ಕ್ಯಾಮರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳ್ತದೆ. ಇಂಟರ್‌ನೆಟ್ ಬೇಡ. ಆದರೆ ಅವರಿಗೆ ಅದಕ್ಕಿಂತ ಇಷ್ಟವಾದದ್ದು ಅಂಗಡಿಗಳ ಸೌಂಡ್ ಬಾಕ್ಸ್. 'ಐವತ್ತು ರೂಪಾಯಿ ಸ್ವೀಕರಿಸಲಾಗಿದೆ' ಅಂತ ಅರಚುತ್ತದಲ್ಲ, ಅದು. ಅದನ್ನ ಮಾಡಿದ್ದು ಅಂಗಡಿಯವನಿಗಾಗಿ. ತಾನು ಕೊಟ್ಟದ್ದು ಐವತ್ತೋ ಐನೂರೋ ಅಂತ ಗಿರಾಕಿಗೂ ಅದೇ ಸಾಕ್ಷಿ.

ಮೊಬೈಲ್ ಅವರ ಇನ್ನೊಂದು ಕೋಲು. ಟಾಕ್‌ಬ್ಯಾಕ್ ಅಂತ ಎಲ್ಲ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್‌ನಲ್ಲೂ ಇದೆ, ನಿಮ್ಮದರಲ್ಲೂ ಇದೆ, ನೀವು ನೋಡಿಲ್ಲ ಅಷ್ಟೇ. ಬೆರಳು ತಾಗಿದ್ದನ್ನ ಓದಿ ಹೇಳ್ತದೆ, ಎರಡು ಸಲ ತಟ್ಟಿದರೆ ತೆರೀತದೆ. ಕನ್ನಡವನ್ನೂ ಓದ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಅಂತ ಉಚಿತ ತಂತ್ರಾಂಶ ಇದೆ, ಆಸ್ಟ್ರೇಲಿಯಾದ ಇಬ್ಬರು ದೃಷ್ಟಿಹೀನ ಯುವಕರು ಶುರು ಮಾಡಿದ್ದು. ಇಷ್ಟೆಲ್ಲ ಇದ್ದೂ ಕನ್ನಡ ಓದೋಕೆ ಕಷ್ಟ ಎಲ್ಲಿ ಗೊತ್ತಾ? ನಮ್ಮ ಕಚೇರಿಗಳಲ್ಲಿ ಇವತ್ತಿಗೂ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತಗಳು ಓಡಾಡ್ತವೆ. ಯೂನಿಕೋಡ್ ಅಲ್ಲ. ಕಣ್ಣಿಗೆ ಚೆಂದದ ಕನ್ನಡ, ಓದುವ ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇಲ್ಲವೇ ಕಾಗದವನ್ನ ಸ್ಕ್ಯಾನ್ ಮಾಡಿ ಹಾಕ್ತಾರೆ, ಯಂತ್ರ 'ಚಿತ್ರ' ಅಂತ ಹೇಳಿ ಸುಮ್ಮನಾಗ್ತದೆ. ನೀವು ಬೆಳಗ್ಗೆ ಎದ್ದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಹೂವಿನ ಶುಭೋದಯ ಇದೆಯಲ್ಲ, ಅದೂ 'ಚಿತ್ರ'. ದಿನಕ್ಕೆ ಮೂವತ್ತು ಸಲ 'ಚಿತ್ರ, ಚಿತ್ರ, ಚಿತ್ರ'.

ಈಗ ಬ್ಯಾಂಕಿನ ಕಥೆ. ಯಾವ ಬ್ಯಾಂಕು ಅಂತ ಕೇಳಬೇಡಿ. ಅವತ್ತು ಅವರು ಹೋದದ್ದು ಚೆಕ್ ಪುಸ್ತಕಕ್ಕೆ. ಕೌಂಟರಿನಲ್ಲಿದ್ದವರು 'ಜೊತೆಗೆ ಯಾರಾದರೂ ಬಂದಿದ್ದಾರಾ' ಅಂತ ಕೇಳಿದರು. ಇಲ್ಲ ಅಂದಾಗ 'ಮನೆಯವರನ್ನ ಕರೆದುಕೊಂಡು ಬನ್ನಿ' ಅಂದರು. ಇವರು ಮೊಬೈಲಿನಿಂದ ರಿಸರ್ವ್ ಬ್ಯಾಂಕಿನ ಸುತ್ತೋಲೆ ಓದಿಸಿದರು. 2008ರ ಜೂನ್ 4ರದ್ದು. ದೃಷ್ಟಿಹೀನರು ಕಾನೂನಿನ ಪ್ರಕಾರ ಕರಾರು ಮಾಡಿಕೊಳ್ಳಲು ಅರ್ಹರು, ಚೆಕ್ ಪುಸ್ತಕ, ಎಟಿಎಂ, ಲಾಕರ್ ಸೇರಿ ಎಲ್ಲ ಸೌಲಭ್ಯವನ್ನೂ ತಾರತಮ್ಯವಿಲ್ಲದೆ ಕೊಡಬೇಕು ಅಂತ ಅದರಲ್ಲಿದೆ. ಮ್ಯಾನೇಜರ್ ಒಳ್ಳೆಯವರು, ಓದಿದರು, ಕೊಟ್ಟರು. ಆದರೆ 2008ರಲ್ಲಿ ಹುಟ್ಟಿದ ಮಗು ಈಗ ಕಾಲೇಜಿಗೆ ಬಂದಾಯ್ತು. ಇನ್ನೂ ಗಿರಾಕಿಯೇ ಸುತ್ತೋಲೆ ಹಿಡಿದುಕೊಂಡು ಹೋಗಬೇಕಾ?

ಬ್ಯಾಂಕಿಗೆ ಹೋಗೋದೇ ಬೇಡ, ಮೊಬೈಲಿನಲ್ಲೇ ಕೆವೈಸಿ ಮಾಡಿ ಅಂತಾರೆ. ಮಾಡೋಣ. ಕ್ಯಾಮರಾ ಮುಂದೆ ಕೂತರೆ ಅದು ಹೇಳುತ್ತೆ, 'ಕಣ್ಣು ಮಿಟುಕಿಸಿ'. ಅಲ್ಲಾ ಸ್ವಾಮೀ, ಯಾರಿಗೆ ಹೇಳ್ತಾ ಇದ್ದೀರಿ? ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಸಿಡ್ ದಾಳಿಗೆ ಒಳಗಾಗಿದ್ದ ಪ್ರಜ್ಞಾ ಪ್ರಸೂನ್ ಮತ್ತು ದೃಷ್ಟಿಹೀನ ವಕೀಲ ಅಮರ್ ಜೈನ್ ಅವರ ಅರ್ಜಿಗಳು. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಪಾರ್ದೀವಾಲಾ ಮತ್ತು ಮಹದೇವನ್ ಅವರ ಪೀಠ ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂದಿತು, ಸರ್ಕಾರಕ್ಕೆ 20 ನಿರ್ದೇಶನ ಕೊಟ್ಟಿತು. ಅದೇ ವರ್ಷ ಮಾರ್ಚ್ 3ರಂದು ಅದೇ ಪೀಠ ಇನ್ನೊಂದು ತೀರ್ಪು ಕೊಟ್ಟಿತ್ತು. ಕಣ್ಣು ಕಾಣೋದಿಲ್ಲ ಅನ್ನುವ ಕಾರಣಕ್ಕೆ ನ್ಯಾಯಾಧೀಶರ ಹುದ್ದೆಗೆ ಅರ್ಹರಲ್ಲ ಅನ್ನುವಂತಿಲ್ಲ ಅಂತ. ನ್ಯಾಯಪೀಠದಲ್ಲಿ ಕೂತು ತೀರ್ಪು ಬರೀಬಹುದು, ಚೆಕ್ಕಿಗೆ ಸಹಿ ಹಾಕೋಕೆ ಮಾತ್ರ ಮನೆಯವರು ಬೇಕು. ಹೇಗಿದೆ?

ಚಾ ಕುಡೀತಾ ನಾನು ಅವರ ಮುಂದೆ ನನ್ನ ಸೋದರಮಾವನ ವಿಷಯ ಹೇಳಿದೆ. ನಿಮಗೂ ಹೇಳಬೇಕು.

ನನ್ನ ಮಾವನ ಮನೆ ಕಾಪುವಿನಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆಯಲ್ಲ, ಆ ಬಂಡೆಯ ಬುಡಕ್ಕೆ ಅವರು ದಿನಾ ಸಂಜೆ ನಡೆದು ಹೋಗ್ತಿದ್ದರು. ನಿವೃತ್ತ ಪೋಸ್ಟ್‌ಮಾಸ್ಟರ್. ಮುತ್ತಿನಂಥ ಸಹಿ. ಅರವತ್ತೆರಡನೇ ವಯಸ್ಸಿಗೆ ಗ್ಲಕೋಮಾ ಇದೆ ಅಂತ ಗೊತ್ತಾಗುವ ಹೊತ್ತಿಗೆ ಬಹಳ ತಡವಾಗಿತ್ತು. ಕಣ್ಣಿನೊಳಗಿನ ಒತ್ತಡ ನರವನ್ನ ಹಾಳು ಮಾಡುವ ಕಾಯಿಲೆ, ನೋವಿಲ್ಲದೆ ಬರ್ತದೆ, ಹೋದ ದೃಷ್ಟಿ ಮರಳಿ ಬರೋದಿಲ್ಲ. ನಲವತ್ತು ದಾಟಿದವರು ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿ ಅಂತ ವೈದ್ಯರು ಬಡಕೊಳ್ಳೋದು ಇದಕ್ಕೇ. ಡಾಕ್ಟರು ಹೇಳಿದರು, ಇನ್ನು ಏನೂ ಮಾಡೋಕೆ ಆಗೋದಿಲ್ಲ. ವೈದ್ಯಕೀಯವಾಗಿ ಅದು ನಿಜವೇ. ನಾವು ಮಾತ್ರ ಅದನ್ನ ಬದುಕಿಗೇ ಅನ್ವಯಿಸಿಬಿಟ್ಟೆವು.

ಜಗಲಿಯಲ್ಲಿ ಒಂದು ಆರಾಮಕುರ್ಚಿ ಹಾಕಿದೆವು. ಹನ್ನೊಂದು ವರ್ಷ. ಊಟ ಅಲ್ಲಿಗೇ ಬರ್ತಿತ್ತು. ಅವರ ಎದುರೇ ಅತ್ತೆಯನ್ನ ಕೇಳ್ತಿದ್ದೆವು, 'ಮಾವನಿಗೆ ಊಟ ಆಯ್ತಾ?' ಕಣ್ಣು ಹೋದರೆ ಕಿವಿಯೂ ಹೋಯಿತು ಅನ್ನುವ ಹಾಗೆ. ಒಂದು ಕಾಗದಪತ್ರಕ್ಕೆ ಅವರಿಂದ ಹೆಬ್ಬೆಟ್ಟು ಒತ್ತಿಸಿದೆವು. ಇಡೀ ಜನ್ಮ ಅಂಚೆ ಕಚೇರಿಯಲ್ಲಿ ಬೇರೆಯವರ ಹೆಬ್ಬೆಟ್ಟಿಗೆ ಸಾಕ್ಷಿ ಹಾಕಿದ ಮನುಷ್ಯ. ಒಂದು ದಿನ ಗೋಡೆ ಹಿಡಿದುಕೊಂಡು, ಬೇಲಿ ಹಿಡಿದುಕೊಂಡು ಗೇಟು ದಾಟಿ ರಸ್ತೆಯವರೆಗೆ ಹೋಗಿದ್ದರಂತೆ. ಸಮುದ್ರದ ಕಡೆಗೇ. ದಾರಿಯೂ ಸರಿಯಾಗಿತ್ತಂತೆ. ಅತ್ತೆ ಹೆದರಿ ನನಗೆ ಫೋನ್ ಮಾಡಿದರು. ನಾನು ಬೆಂಗಳೂರಿನಿಂದ ಹೇಳಿದೆ, ಗೇಟಿಗೆ ಬೀಗ ಹಾಕಿಸಿ. ಮುಂದಿನ ಸಲ ಊರಿಗೆ ಹೋದಾಗ ಬೀಗ ನಾನೇ ತಗೊಂಡು ಹೋದೆ. ಮಾವ ಒಂದು ಮಾತೂ ಆಡಲಿಲ್ಲ. ಸಂಜೆಯಾದರೆ ಕುರ್ಚಿಯನ್ನ ಸಮುದ್ರದ ಕಡೆ ತಿರುಗಿಸಿಕೊಳ್ತಿದ್ದರು.

ಪ್ರೀತಿ ಇರಲಿಲ್ಲ ಅಂತಲ್ಲ. ಪ್ರೀತಿಯಿಂದಲೇ ಮಾಡಿದ್ದು.

ಕಾರ್ಕಳದ ಆ ಗೆಳೆಯರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, 'ನಿಮ್ಮ ಮಾವನಿಗೆ ಕೋಲು ಯಾರೂ ಕೊಡಲಿಲ್ವಾ?' ಇಲ್ಲ. ನಮಗೆ ಹೊಳೆಯಲೇ ಇಲ್ಲ.

ಯಾಕೆ ಹೊಳೆಯಲಿಲ್ಲ ಅಂತ ಯೋಚಿಸ್ತಾ ಇದ್ದೇನೆ. ಕನ್ನಡ ನಾಡಿನಲ್ಲಿ ಕಣ್ಣು ಕೊಟ್ಟವರ ಕಥೆ ಬಹಳ ಕೇಳಿದ್ದೇವೆ. ಡಾಕ್ಟರ್ ಎಂ.ಸಿ. ಮೋದಿ ಅವರ ಹೆಸರು ಹೇಳಿದರೆ ಹಿಂದಿನ ತಲೆಮಾರು ಕೈ ಮುಗೀತದೆ. ಊರೂರಿಗೆ ಹೋಗಿ ಶಿಬಿರ ಹಾಕಿ ಪೊರೆ ತೆಗೆದ ಮಹಾನುಭಾವ. ಉಡುಪಿ ಜಿಲ್ಲೆಗೆ ಆಸ್ಪತ್ರೆಗಳ ಕೊರತೆಯೂ ಇಲ್ಲ, ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ತೆರೆದದ್ದು 1953ರಲ್ಲಿ. ಪೊರೆಯಾದರೆ ತೆಗೀತಾರೆ, ಕಣ್ಣು ಬರ್ತದೆ. ಕಣ್ಣು ಬಾರದವನ ಮುಂದಿನ ಬೆಳಗಿನ ಕಥೆ ನಮಗೆ ಯಾರೂ ಹೇಳಿಕೊಡಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಪ್ರಮಾಣಪತ್ರ ಸಿಗ್ತದೆ, ಪಿಂಚಣಿಗೆ ಅರ್ಜಿ ಹಾಕಬಹುದು. ಕೋಲು ಹಿಡಿಯೋದು, ಒಬ್ಬನೇ ರಸ್ತೆ ದಾಟೋದು, ಫೋನ್ ಬಳಸೋದು, ಅಡುಗೆ ಮಾಡೋದು, ಇದನ್ನ ನಿಮ್ಮ ತಾಲೂಕಿನಲ್ಲಿ ಕಲಿಸುವವರು ಯಾರು? ಹೆಸರು ಹೇಳಿ ನೋಡೋಣ.

ಬೆಂಗಳೂರಿನಲ್ಲಿ ಇದ್ದಾರೆ. ಮಿತ್ರ ಜ್ಯೋತಿ ಇದೆ, ದೃಷ್ಟಿಹೀನರಾದ ಮಧು ಸಿಂಘಾಲ್ ಕಟ್ಟಿದ್ದು. 1997ರಲ್ಲಿ ಮಹಾಂತೇಶ್ ಕಿವಡಸಣ್ಣವರ್ ಸ್ನೇಹಿತನ ಜೊತೆ ಸೇರಿ ಶುರು ಮಾಡಿದ ಸಮರ್ಥನಂ ಇದೆ, ಅವರಿಗೂ ದೃಷ್ಟಿಯಿಲ್ಲ. 1999ರಲ್ಲಿ ಶುರುವಾದ ಎನೇಬಲ್ ಇಂಡಿಯಾ ಕಥೆ ನನಗೆ ಚುಚ್ಚಿತು. ಶಾಂತಿ ರಾಘವನ್ ಅವರ ತಮ್ಮನಿಗೆ ಹದಿಹರೆಯದಲ್ಲಿ ಇದೇ ರೆಟಿನೈಟಿಸ್ ಕಾಯಿಲೆಯಿಂದ ದೃಷ್ಟಿ ಹೋಗತೊಡಗಿತು. ಅಕ್ಕ ತಮ್ಮನಿಗೆ ತನ್ನ ಕೆಲಸ ತಾನೇ ಮಾಡಿಕೊಳ್ಳೋದನ್ನ ಕಲಿಸೋಕೆ ಹೊರಟರು, ಅದೇ ಸಂಸ್ಥೆಯಾಯಿತು. ಅದೇ ಬೆಂಗಳೂರಿನಲ್ಲಿ ಕೂತು ನಾನು ಬೀಗ ಕೊಂಡೆ.

ನಾವು ಕಣ್ಣು ಕಾಣದವರನ್ನ ನೋಡುವುದೇ ಎರಡು ಜಾಗದಲ್ಲಿ. ಒಂದೋ ರೈಲಿನಲ್ಲಿ ಹಾಡಿ ಕೈ ಚಾಚಬೇಕು, ಇಲ್ಲವೇ ಪುಟ್ಟರಾಜ ಗವಾಯಿಗಳಾಗಬೇಕು. ಗವಾಯಿಗಳಿಗೆ ನಮಸ್ಕಾರ ಹಾಕುವಾಗ 'ದೇವರ ವರ' ಅಂತೇವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರೂ ದೃಷ್ಟಿಹೀನರೇ, ಆ ಹುಡುಗನನ್ನ ವರ್ಷಗಟ್ಟಲೆ ಕೂರಿಸಿ ಕಲಿಸಿದರು. 1944ರಲ್ಲಿ ಗುರು ತೀರಿಕೊಂಡ ಮೇಲೆ ಪುಟ್ಟರಾಜರು 2010ರವರೆಗೆ ಆ ಆಶ್ರಮ ನಡೆಸಿದರು. ಅಲ್ಲಿ ಇದ್ದದ್ದು ಗುರು, ಊಟ, ಜಾಗ, ದಿನಾ ಅಭ್ಯಾಸ. ಅದನ್ನ ವರ ಅಂದುಬಿಟ್ಟರೆ ನಮ್ಮ ಜವಾಬ್ದಾರಿ ತಪ್ಪಿತಲ್ಲ.

ನನ್ನ ವೃತ್ತಿಯ ಲೆಕ್ಕವನ್ನೂ ಹೇಳಿಬಿಡ್ತೇನೆ. 2025ರ ನವೆಂಬರ್ 23ರಂದು ಕೊಲಂಬೊದಲ್ಲಿ ನಮ್ಮ ದೃಷ್ಟಿಹೀನ ಮಹಿಳೆಯರ ಕ್ರಿಕೆಟ್ ತಂಡ ಮೊದಲ ಟಿ20 ವಿಶ್ವಕಪ್ ಗೆದ್ದಿತು, ಫೈನಲ್‌ನಲ್ಲಿ ನೇಪಾಳವನ್ನ ಏಳು ವಿಕೆಟ್‌ಗಳಿಂದ ಸೋಲಿಸಿ. ನಾಯಕಿ ದೀಪಿಕಾ ಟಿ.ಸಿ., ನಮ್ಮ ಕರ್ನಾಟಕದ ಹುಡುಗಿ. ಚೆಂಡಿನೊಳಗೆ ಗುಂಡುಗಳಿರ್ತವೆ, ಉರುಳಿ ಬರುವ ಗಿಲಿಗಿಲಿ ಸದ್ದು ಕೇಳಿ ಹೊಡೀಬೇಕು. ಅದೇ ತಿಂಗಳ ಮೊದಲ ವಾರ ಇನ್ನೊಂದು ಮಹಿಳಾ ತಂಡ ವಿಶ್ವಕಪ್ ಗೆದ್ದಾಗ ನಾನು ರಾತ್ರಿಯಿಡೀ ಸ್ಟುಡಿಯೋದಲ್ಲಿದ್ದೆ. ಇದಕ್ಕೆ ಎಷ್ಟು ಹೊತ್ತು ಕೊಟ್ಟೆ ಅಂತ ಕೇಳಬೇಡಿ. ಕೆಳಗೆ ಓಡುವ ಪಟ್ಟಿಯಲ್ಲಿ ಹಾಕಿದ್ದೆವು. ಆ ಪಟ್ಟಿಯನ್ನ ಓದಿ ಹೇಳುವವರಿಲ್ಲ ಅನ್ನೋದು ಬೇರೆ ಮಾತು.

ಹೊರಡುವಾಗ ಕಾರ್ಕಳದ ಆ ಗೆಳೆಯರು ಬಸ್ ನಿಲ್ದಾಣದವರೆಗೆ ಬಂದರು. ಅವತ್ತು ರಾತ್ರಿ ಅಲ್ಲೇ ಹತ್ತಿರದಲ್ಲೊಂದು ತಾಳಮದ್ದಳೆ ಇತ್ತು, ಅದಕ್ಕೆ ಹೋಗುವವರಿದ್ದರು. 'ಅಲ್ಲಿ ನಾವೆಲ್ಲ ಸಮ ಮಾರಾಯ್ರೇ. ವೇಷವೂ ಇಲ್ಲ, ಕುಣಿತವೂ ಇಲ್ಲ. ಕಣ್ಣಿದ್ದವರೂ ಕಿವಿಯಲ್ಲೇ ನೋಡೋದು' ಅಂದರು. ಆಮೇಲೆ ಒಂದು ದೂರು ಕೊಟ್ಟರು, ನನ್ನ ಮೇಲೇ. 'ನೀವು ದಿನಾ ಹೇಳ್ತೀರಲ್ಲ, ನಿಮ್ಮ ಅಭಿಪ್ರಾಯ ತಿಳಿಸಿ, ಪರದೆಯ ಮೇಲೆ ಕಾಣಿಸ್ತಿರುವ ನಂಬರಿಗೆ ಕರೆ ಮಾಡಿ ಅಂತ. ನನಗೂ ಅಭಿಪ್ರಾಯ ಉಂಟು. ನಂಬರ್ ಯಾವುದು?'

ಈಗ ಸಮಯ ಆಗಿದೆ. ಈ ಕಾರ್ಯಕ್ರಮದ ಬಗ್ಗೆ ನಿಮ್ಮ ಅನಿಸಿಕೆ ಹೇಳೋಕೆ ಪರದೆಯ ಮೇಲೆ ಕಾಣಿಸ್ತಿರುವ... ತಡೀರಿ. ಪೆನ್ನು ಹುಡುಕಿಕೊಳ್ಳುವವರು ಹುಡುಕಿಕೊಳ್ಳಿ, ಫೋನ್ ತೆಗೆಯುವವರು ತೆಗೀರಿ. ಒಂದೊಂದೇ ಅಂಕಿ ಓದ್ತೇನೆ, ನಿಧಾನವಾಗಿ, ಎರಡು ಸಲ.